ಒಂಬತ್ತನೆಯ ಮಾತು

ಬೀಗದ ಕೈ ಕಳೆದರೆ ಇನ್ನೊಂದು ಮಾಡಿಸಬಹುದು. ಪಾಸ್‌ವರ್ಡ್ ಕದ್ದರೆ ಬದಲಾಯಿಸಬಹುದು. ಮನುಷ್ಯರ ಕೊರಳನ್ನೇ ಕದ್ದರೆ ಏನು ಮಾಡುವುದು? ಈ ಪ್ರಶ್ನೆಯನ್ನು ದನಿಕೋಶ ಕಟ್ಟುವ ಮೊದಲು ಯಾರಾದರೂ ಕೇಳಬೇಕಿತ್ತು. ಯಾರೋ ಕೇಳಿದ್ದರಂತೆ ಕೂಡ. ಅಷ್ಟರಲ್ಲಿ ಊಟದ ಹೊತ್ತಾಗಿ ಸಭೆ ಮುಗಿಯಿತಂತೆ.

ನಾನು ಅಂಬುಜಾ ಮದ್ದಾನಿ. ಹುಬ್ಬಳ್ಳಿಯ ದನಿಕೋಶ ಕೇಂದ್ರದಲ್ಲಿ ದತ್ತಾಂಶ ಶುದ್ಧಿ ವಿಭಾಗದ ಅಧಿಕಾರಿ. ಬೇರೆಯವರು ಮಾಡಿದ ತಪ್ಪು ಹುಡುಕುವುದೇ ನನ್ನ ಕೆಲಸ. ಆ ಕೆಲಸಕ್ಕೆ ನಾನು ಹುಟ್ಟುತ್ತಲೇ ಅರ್ಜಿ ಹಾಕಿದ್ದೆ ಅಂತ ನನ್ನ ಗಂಡ ವಿನೋದ ಹೇಳುತ್ತಾನೆ. ಅವನು ಸಾರಿಗೆ ಉಪ್ಪು ಹಾಕಿದ ದಿನ ನಾನು ಏನೂ ಅನ್ನದಿದ್ದರೆ ಅವನಿಗೆ ಗಾಬರಿಯಾಗುತ್ತದೆ.

ಈಗಿನ ಮಕ್ಕಳಿಗೆ ಪಾಸ್‌ವರ್ಡ್ ಎಂಬ ಪದ ಕೇಳಿ ಮಾತ್ರ ಗೊತ್ತು. ಮನೆಯ ಬಾಗಿಲು ತೆರೆಯುವುದು, ರೇಷನ್ ಅಂಗಡಿಯಲ್ಲಿ ಜೋಳ ಕೊಡುವುದು, ಬಸ್ಸಿನ ಟಿಕೆಟ್ ಹರಿಯುವುದು, ಎಲ್ಲವೂ ನಮ್ಮ ಕೊರಳಿನ ಮೇಲೆಯೇ. ಇದರ ಒಳಗುಟ್ಟು ಕಷ್ಟದ್ದಲ್ಲ. ದನಿಕೋಶದಲ್ಲಿ ನೋಂದಣಿ ಮಾಡುವಾಗ ಪ್ರತಿಯೊಬ್ಬರೂ ಹತ್ತು ಮಾತು ಹೇಳಬೇಕು: ತನ್ನ ಹೆಸರು, ಊರು, ತಾಯಿಯ ಹೆಸರು, ಹುಟ್ಟಿದ ವಾರ, ಹೀಗೆ. ಒಂಬತ್ತನೆಯದು ಮದುವೆಯಾದವರಿಗೆ ಗಂಡನ ಅಥವಾ ಹೆಂಡತಿಯ ಹೆಸರು. ಆಮೇಲೆ ಯಂತ್ರ ಬೇಕೆನಿಸಿದಾಗ ಆ ಹತ್ತರಲ್ಲಿ ಯಾವುದೋ ಮೂರನ್ನು ಕೇಳುತ್ತದೆ. ಇಟ್ಟುಕೊಂಡ ಅಚ್ಚಿಗೆ ಆ ಮೂರೂ ಒಂದೊಂದಾಗಿ ಹೊಂದಿದರೆ ಬಾಗಿಲು ತೆರೆಯುತ್ತದೆ. ಮೊದಲೇ ಹಿಡಿದಿಟ್ಟ ಧ್ವನಿಮುದ್ರಣವನ್ನು ಅದರ ಮುಂದೆ ನುಡಿಸಿದರೆ ಕೂಡಲೇ ಪತ್ತೆ ಮಾಡುತ್ತದೆ. ಅಷ್ಟರಮಟ್ಟಿಗೆ ಜಾಣ ಯಂತ್ರ.

ಇದೆಲ್ಲ ಜೋಳ, ಬಸ್ಸು, ಬಾಗಿಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನನ್ನ ಅವ್ವ ಶಂಕ್ರವ್ವನ ಎದೆಯಲ್ಲಿ ಒಂದು ಪುಟ್ಟ ಪೆಟ್ಟಿಗೆ ಇದೆ. ಮೂರು ವರ್ಷದ ಹಿಂದೆ ಹೃದಯದ ಬಡಿತ ತಪ್ಪತೊಡಗಿದಾಗ ಡಾಕ್ಟರು ಕೂರಿಸಿದ್ದು. ತಾಳಿಯ ಪಕ್ಕದಲ್ಲಿ ಒಂದು ಸಣ್ಣ ಪದಕ ನೇತಾಡುತ್ತದೆ, ಅದು ಆ ಪೆಟ್ಟಿಗೆಯ ಕಿವಿ ಮತ್ತು ಬಾಯಿ. ಮೆಟ್ಟಿಲು ಹತ್ತುವಾಗ 'ಜೋರು' ಅಂದರೆ ಬಡಿತ ಹೆಚ್ಚಿಸುತ್ತದೆ, ಮಲಗುವಾಗ 'ನಿಧಾನ' ಅಂದರೆ ಇಳಿಸುತ್ತದೆ. ಅವ್ವ ಹೇಳಿದರೆ ಮಾತ್ರ. ಎಲ್ಲಿಂದಲಾದರೂ ಉಪಗ್ರಹದ ಮೂಲಕ ಹೇಳಿದರೂ ನಡೆಯುತ್ತದೆ, ಆದರೆ ಅವ್ವನ ಕೊರಳೇ ಆಗಬೇಕು. ಡಾಕ್ಟರ ಮಾತನ್ನೂ ಕೇಳುವುದಿಲ್ಲ, ಸರ್ಕಾರದ ಮಾತನ್ನೂ ಕೇಳುವುದಿಲ್ಲ. ನಡುವೆ ಎಲ್ಲೋ ಒಂದು ದೊಡ್ಡ ಬೀಗದ ಕೈ ಇಟ್ಟರೆ ಕಳ್ಳರು ಅದೊಂದನ್ನು ಕದ್ದರೆ ಸಾಕಲ್ಲ, ಅದಕ್ಕಾಗಿ ಬೇಕಂತಲೇ ಹಾಗೆ ಕಟ್ಟಿದ್ದು. ರಾಜ್ಯದಲ್ಲಿ ಇಂಥ ಪೆಟ್ಟಿಗೆಯವರು ನಾಲ್ಕು ಸಾವಿರದ ಮೇಲಿದ್ದರು.

ಅವ್ವ ಅಪ್ಪ ಇರುವುದು ಗುಲೇದಗುಡ್ಡದಲ್ಲಿ. ಅಪ್ಪ ಕುಪ್ಪಸದ ಖಣ ನೇಯುತ್ತಾನೆ. ಮನೆಯ ನಡುವೆಯೇ ಮಗ್ಗ, ಅದರ ಸದ್ದಿನಲ್ಲಿ ಬೆಳೆದದ್ದಕ್ಕೇ ನಾನು ಇಷ್ಟು ಜೋರಾಗಿ ಮಾತಾಡುವುದು. ಅಪ್ಪನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಾರಣ ಮುಂದೆ ತಾನೇ ತಿಳಿಯುತ್ತದೆ.

ಎರಡು ವರ್ಷದ ಹಿಂದೆ ನನ್ನ ಪರದೆಯ ಮೇಲೆ ಗುಲೇದಗುಡ್ಡ ಕೆಂಪಾಗಿ ಕಾಣಿಸಿಕೊಂಡಿತು. ಬೇರೆ ಊರುಗಳಲ್ಲಿ ದೋಷದ ದನಿ ನೂರಕ್ಕೆ ಒಂದೋ ಎರಡೋ. ಇಲ್ಲಿ ಐವತ್ತು ದಾಟಿದ ಹೆಂಗಸರ ದನಿಯೆಲ್ಲ ದೋಷ. ನನ್ನೂರೇ ಹೀಗೆ ಮರ್ಯಾದೆ ಕಳೆಯಬೇಕೆ ಅಂತ ಸಿಟ್ಟು ಬಂತು. ಒಂದೊಂದೇ ದನಿ ತೆಗೆದು ಕೇಳಿದೆ. ಎಂಟು ಮಾತು ಒಬ್ಬಳ ಕೊರಳು. ಒಂಬತ್ತನೆಯದು ಮತ್ತೊಬ್ಬಳದು. ಹತ್ತನೆಯದು ಮತ್ತೆ ಮೊದಲಿನವಳದು. ಮೂರನೆಯ ಹೆಂಗಸಿಗೆ ಬರುವಷ್ಟರಲ್ಲಿ ನನಗೆ ಅರ್ಥವಾಗಿ ಹಣೆ ಚಚ್ಚಿಕೊಂಡೆ.

ಗಂಡನ ಹೆಸರು! ನಮ್ಮ ಅವ್ವಂದಿರು ಗಂಡನ ಹೆಸರು ಹೇಳುವವರೇ ಅಲ್ಲ. ಜನಗಣತಿಯವರು ಬಂದರೂ ಅಷ್ಟೆ, ಆಸ್ಪತ್ರೆಯ ಚೀಟಿಯವರು ಕೇಳಿದರೂ ಅಷ್ಟೆ, ಪಕ್ಕದಲ್ಲಿದ್ದವಳನ್ನು ಮೊಣಕೈಯಿಂದ ತಿವಿದು 'ನೀ ಹೇಳ' ಅನ್ನುವುದು. ಬೇರೆ ಊರುಗಳಲ್ಲಿ ಒಬ್ಬೊಬ್ಬರನ್ನೇ ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ ದನಿ ತೆಗೆದುಕೊಂಡಿದ್ದರು. ಕೇಳುವವರು ಯಾರೂ ಇಲ್ಲವಲ್ಲ ಅಂತ ಆ ಹೆಂಗಸರು ಕಣ್ಣು ಮುಚ್ಚಿ ಹೇಳಿಬಿಟ್ಟಿದ್ದರು. ಗುಲೇದಗುಡ್ಡಕ್ಕೆ ಬರಬೇಕಿದ್ದ ಗಾಜಿನ ಪೆಟ್ಟಿಗೆ ದಾರಿಯಲ್ಲಿ ಲಾರಿ ಕೆಟ್ಟು ಬರಲೇ ಇಲ್ಲ. ನೇಕಾರರ ಸೊಸೈಟಿಯ ಹಾಲಿನಲ್ಲಿ ಇಬ್ಬಿಬ್ಬರನ್ನು ಒಂದೇ ಮೈಕಿನ ಮುಂದೆ ಕೂರಿಸಿದ್ದರು. ಅವ್ವನ ಪಕ್ಕದಲ್ಲಿದ್ದವಳು ಹುಸೇನಬಿ, ಹಿಂದಿನ ಓಣಿಯವಳು, ನಲವತ್ತು ವರ್ಷದ ಗೆಳತಿ. ಹುಸೇನಬಿಯ ಕೊರಳು ಗಡಸು. ಅವ್ವನದು ತೆಳು. ಕೇಳಿದರೆ ಕುರುಡರಿಗೂ ಗೊತ್ತಾಗಬೇಕು. ಆದರೂ ಯಂತ್ರ ಹತ್ತನ್ನೂ ಸೇರಿಸಿ 'ಶಂಕ್ರವ್ವ' ಅಂತ ಬರೆದುಕೊಂಡಿತ್ತು.

ಊರಿಗೆ ಹೋಗಿ ಜಗಳ ತೆಗೆದೆ.

"ಹೆಸರು ಹೇಳಿದ್ರ ಏನಾಗ್ತೈತಿ ಯವ್ವಾ? ನಾ ನನ್ನ ಗಂಡನ್ನ ದಿನಾ ಹೆಸರ ಹಿಡದ ಕರೀತೀನಿ."

"ನೀ ಕರಿಯೂದನ್ನ ಕೇಳೀನಿ," ಅಂದಳು ಅವ್ವ. "ಪಾಪ, ಅಂವಾ ಹೆದರಿ ಓಡಿ ಬರ್ತಾನು."

"ನಿನ್ನ ಪೆಟ್ಟಿಗಿ ಒಂಬತ್ತನೇದ ಕೇಳಿದಾಗ ಏನ ಮಾಡ್ತಿ?"

"ಸುಮ್ನಿರ್ತೀನಿ. ಅದ ಬ್ಯಾಸತ್ತ ಬ್ಯಾರೇದ ಕೇಳ್ತೈತಿ. ನಿನಗಿಂತ ಶಾಣ್ಯಾ ಐತಿ."

ಮಗ್ಗದ ಹಿಂದಿನಿಂದ ಅಪ್ಪ ನಕ್ಕ. ನನಗೆ ನಗು ಬರಲಿಲ್ಲ. ಕಚೇರಿಗೆ ಮರಳಿ ಗುಲೇದಗುಡ್ಡದಲ್ಲಿ ಮರುನೋಂದಣಿ ಆಗಲೇಬೇಕೆಂದು ವರದಿ ಬರೆದೆ. ನಮ್ಮ ಮುಖ್ಯಸ್ಥ ನಾಗರಾಳ ಸಾಹೇಬರು ಸಹಿ ಹಾಕಲು ಒಂದೂವರೆ ವರ್ಷ ತೆಗೆದುಕೊಂಡರು. ಕೊನೆಗೂ ಈ ಏಪ್ರಿಲ್ ಮೊದಲ ವಾರ ಶಿಬಿರ ನಡೆಯಿತು. ಅವ್ವನಿಗೆ ಮೂರು ಸಲ ಫೋನ್ ಮಾಡಿ ಹೇಳಿದೆ, ಹೋಗು, ಹತ್ತೂ ಮಾತು ನೀನೇ ಹೇಳು, ಇಲ್ಲಂದ್ರ ನನ್ನ ಮಾನ ಹೋಗ್ತೈತಿ. ಅವ್ವ "ಹೂಂ ಹೂಂ" ಅಂದಳು. ಸಂಜೆ ಪರದೆಯಲ್ಲಿ ಅವ್ವನ ಹೆಸರಿನ ಮುಂದೆ ಹಸಿರು ಗುರುತು ಬಿದ್ದಿತ್ತು: ಶುದ್ಧ. ಇಡೀ ಊರೇ ಹಸಿರಾಗಿತ್ತು. ನಾನು ಖುಷಿಯಿಂದ ವಿಭಾಗದವರಿಗೆಲ್ಲ ಗಿರಮಿಟ್ ತರಿಸಿದೆ.

ಹದಿನೈದು ದಿನ ಕಳೆದು ಒಂದು ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ನಾಗರಾಳ ಸಾಹೇಬರ ಫೋನು ಬಂತು. "ಬೇಗ ಬಾ" ಅಂದರು, ಅಷ್ಟೆ. ಅವರು ಒಂದೇ ಮಾತಿನಲ್ಲಿ ಮುಗಿಸಿದ್ದನ್ನು ನಾನು ಅವತ್ತೇ ಮೊದಲ ಸಲ ಕೇಳಿದ್ದು.

ನಿಯಂತ್ರಣ ಕೊಠಡಿಯಲ್ಲಿ ಯಾರೂ ಕುಳಿತಿರಲಿಲ್ಲ. ದನಿಕೋಶದ ಮೂಲ ಧ್ವನಿಮುದ್ರಣಗಳೆಲ್ಲ ಕಳುವಾಗಿದ್ದವು. ಅಚ್ಚು ತಯಾರಾದ ಮೇಲೆ ಮೂಲವನ್ನು ಅಳಿಸಬೇಕೆಂಬ ನಿಯಮವಿತ್ತು. ಯಾರೋ ಮುಂದೆ ತಪ್ಪು ಹುಡುಕಲು ಬೇಕಾದೀತು ಅಂತ ಇಟ್ಟುಕೊಂಡಿದ್ದರು, ನಾನೂ ಅದನ್ನೇ ಕೇಳುತ್ತಿದ್ದೆ. ಮೂರು ದಿನದ ಹಿಂದಿನ ಕಳವು. ಹಳೆಯದು ಹೊಸದು ಎನ್ನದೆ ಎಲ್ಲ ಹೋಗಿತ್ತು. ಕದ್ದವರು ಪತ್ರವನ್ನೂ ಕಳಿಸಿದ್ದರು. ನಮಗೆ ಏನು ಬೇಕೆಂದು ಆಮೇಲೆ ಹೇಳುತ್ತೇವೆ, ಮೊದಲು ನಮ್ಮ ತಾಕತ್ತು ನೋಡಿ, ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಎದೆಯ ಪೆಟ್ಟಿಗೆಗಳಿಗೆಲ್ಲ ಅವರವರ ಕೊರಳಿನಲ್ಲೇ 'ನಿಲ್ಲು' ಅನ್ನುತ್ತೇವೆ, ಎಂದು.

"ಆಗುತ್ತಾ?" ಅಂತ ಕೇಳಿದೆ.

"ಆಗುತ್ತೆ," ಅಂದರು ನಾಗರಾಳ ಸಾಹೇಬರು. "ಹತ್ತು ಮಾತು ಕೇಳಿಸಿಕೊಂಡರೆ ಸಾಕು, ಅವರ ಯಂತ್ರ ಅದರಿಂದ ಒಂದು ಕೊರಳು ಕಟ್ಟುತ್ತೆ. ಹೊಸ ಕೊರಳು, ಹೊಸ ಮಾತು. ಧ್ವನಿಮುದ್ರಣ ಅಲ್ಲ, ಹಾಗಾಗಿ ಪತ್ತೆ ಆಗಲ್ಲ. ದನಿ ಶುದ್ಧ ಇದ್ದಷ್ಟೂ ನಕಲು ಚೊಕ್ಕ."

ಶುದ್ಧ! ಅವ್ವನ ದನಿಯನ್ನು ಶುದ್ಧ ಮಾಡಿಸಿದ್ದು ನಾನು. ಆ ಹಳೆಯ ಕಲಬೆರಕೆ ದನಿ ಇದ್ದಿದ್ದರೆ ಕಳ್ಳರ ಯಂತ್ರ ಎರಡು ಕೊರಳು ಕಲೆಸಿ ಯಾರದ್ದೂ ಅಲ್ಲದ ಮೂರನೆಯದೊಂದನ್ನು ಕಟ್ಟುತ್ತಿತ್ತು, ಅವ್ವನ ಪೆಟ್ಟಿಗೆ ಅದನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ನಾನು ಹಟ ಹಿಡಿದು, ವರದಿ ಬರೆದು, ಮೂರು ಸಲ ಫೋನ್ ಮಾಡಿ ಆ ಬಾಗಿಲು ತೆಗೆಸಿದ್ದೆ.

ಉಪಾಯ ಒಂದೇ ಇತ್ತು. ಪೆಟ್ಟಿಗೆಯವರು ತಾವೇ 'ಕಿವಿ ಮುಚ್ಚು' ಅನ್ನಬೇಕು. ಆಗ ಅದು ಹೊರಗಿನ ಮಾತನ್ನು ಒಂದು ವಾರ ಕೇಳುವುದಿಲ್ಲ. ಕೇಂದ್ರದಲ್ಲಿದ್ದ ಅಷ್ಟೂ ಜನ ಪಟ್ಟಿ ಹಂಚಿಕೊಂಡು ಫೋನ್ ಹಿಡಿದರು. ಕ್ಯಾಂಟೀನಿನ ಸಾವಕ್ಕನೂ ಬಂದು ಕುಳಿತು "ಅಣ್ಣಾರ, ನಿಮ್ಮ ಪೆಟ್ಟಿಗಿಗೆ ಕಿವಿ ಮುಚ್ಚು ಅನ್ರಿ, ಈಗಿಂದೀಗ ಅನ್ರಿ" ಅಂತ ಶುರು ಮಾಡಿದಳು. ಎಲ್ಲರಿಗಿಂತ ಹೆಚ್ಚು ಜನರನ್ನು ಮುಟ್ಟಿದ್ದು ಅವಳೇ. ನಾವು ವಿವರಿಸುತ್ತಿದ್ದೆವು, ಅವಳು ವಿವರಿಸಲಿಲ್ಲ.

ನಾನು ಮೊದಲು ಅವ್ವನಿಗೆ ಮಾಡಿದೆ. ಬಡಿದುಕೊಂಡು ಬಡಿದುಕೊಂಡು ನಿಂತಿತು. ಅಪ್ಪನಿಗೆ ಮಾಡಿದೆ. ಮಗ್ಗದ ಸದ್ದಿನಲ್ಲಿ ಅಪ್ಪನಿಗೆ ಫೋನು ಕೇಳಿಸಿದ ಚರಿತ್ರೆಯೇ ಇಲ್ಲ. ಪಟ್ಟಿಯಲ್ಲಿ ನನ್ನ ಪಾಲಿನ ನಲವತ್ತು ಜನರ ನಡುನಡುವೆ ಅವ್ವನಿಗೆ ಮಾಡುತ್ತಲೇ ಇದ್ದೆ. ಹತ್ತೂವರೆಗೆ ಓಣಿಯ ಆಶಾ ಕಾರ್ಯಕರ್ತೆ ರಜಪೂತ ಬಾಯಿಯನ್ನು ಫೋನಿನಲ್ಲಿ ಹಿಡಿದು ನಮ್ಮ ಮನೆಗೆ ಕಳಿಸಿದೆ. "ಕದಾ ಹಾಕೇತ್ರಿ," ಅಂತ ಫೋನ್ ಮಾಡಿದಳು. "ಅಪ್ಪಾರೂ ಇಲ್ಲ, ನೂಲ ತರಾಕ ಹೋಗ್ಯಾರಂತ. ಒಳಗ ಫೋನ್ ಬಡಕೊಳ್ಳೂದ ಕೇಳಿಸ್ತೈತಿ." ಬಡಿದುಕೊಳ್ಳುತ್ತಿದ್ದದ್ದು ನಾನೇ.

ಅವ್ವನ ಕೊರಳಲ್ಲಿ ಆ ಪದಕ ಇತ್ತು. ಇಲ್ಲಿಂದ ಒಂದು ಕ್ಷಣದಲ್ಲಿ ಮುಟ್ಟಬಹುದಾದ ಪದಕ. ಆದರೆ ಅದು ನನ್ನ ಮಾತು ಕೇಳುವುದಿಲ್ಲ. ಅವ್ವನ ಎದೆಗೆ ಯಾವನೋ ಕಳ್ಳನಿಗೆ ದಾರಿ ಇತ್ತು, ಅವಳು ಹೆತ್ತ ಮಗಳಿಗೆ ಇರಲಿಲ್ಲ. ನನಗೆ ಅಳು ಬಂತು. ಅಳುತ್ತಲೇ ಬೀದರಿನ ಒಬ್ಬ ಮೇಷ್ಟರಿಗೆ 'ಕಿವಿ ಮುಚ್ಚು' ಹೇಳಿಸಿದೆ. ಅವರು ಪಾಪ, "ನೀವು ಅಳಬೇಡ್ರಿ ತಂಗಿ, ನಾ ಹೇಳ್ದೆ, ಮುಚ್ಚಿತು" ಅಂತ ನನಗೇ ಸಮಾಧಾನ ಮಾಡಿದರು.

ಹನ್ನೆರಡಕ್ಕೆ ಐದು ನಿಮಿಷ ಇದ್ದಾಗ ಗೋಡೆಯ ಪರದೆಯಲ್ಲಿ ಇನ್ನೂ ನಲವತ್ತಮೂರು ಹೆಸರು ಉಳಿದಿದ್ದವು. ಅದರಲ್ಲಿ ಮೂವತ್ತನಾಲ್ಕು ಗುಲೇದಗುಡ್ಡದ್ದು. ಎಲ್ಲ ಹೆಂಗಸರು. ಏಪ್ರಿಲ್ ಬಿಸಿಲು, ವರ್ಷದ ಶ್ಯಾವಿಗೆ, ಹಪ್ಪಳ, ಸಂಡಿಗೆ ಎಲ್ಲ ಮಾಳಿಗೆಯ ಮೇಲೆ ಆಗುವ ಕಾಲ. ಈ ಕಾಲದಲ್ಲಿ ನಮ್ಮೂರ ಹೆಂಗಸರು ಫೋನನ್ನು ಒಳಗಿಟ್ಟು ಮೇಲೆ ಹೋಗುತ್ತಾರೆ, ಇಳಿಯುವುದು ಹಿಟ್ಟು ಮುಗಿದಾಗಲೇ. ಇದು ನನಗೆ ಗೊತ್ತಿದ್ದ ಸಂಗತಿ. ಗಾಬರಿಯಲ್ಲಿ ತಲೆಗೇ ಬರಲಿಲ್ಲ.

ಹನ್ನೆರಡಾಯಿತು. ಪರದೆಯ ಹೆಸರುಗಳ ಮುಂದೆ ಒಂದೊಂದಾಗಿ 'ಆದೇಶ ಬಂದಿದೆ' ಎಂಬ ಸಾಲು ಮೂಡತೊಡಗಿತು. ಎಲ್ಲೋ ಒಂದು ಕಡೆ 'ಒಪ್ಪಿದೆ' ಎಂದು ಬಂತು. ಸಾಹೇಬರು ಆ ಊರಿನ ಆಂಬುಲೆನ್ಸಿಗೆ ಕೂಗಿದರು. ಇನ್ನೊಂದು 'ಒಪ್ಪಿದೆ'. ಮತ್ತೊಂದು. ನಾನು ನೋಡುತ್ತಿದ್ದದ್ದು ಒಂದೇ ಸಾಲು. ಶಂಕ್ರವ್ವ, ಗುಲೇದಗುಡ್ಡ. ಆದೇಶ ಬಂದಿದೆ. ಪರಿಶೀಲನೆ. ಮೊದಲ ಯತ್ನ, ಊರಿನ ಹೆಸರು: ಹೊಂದಿಲ್ಲ.

ನಾನು ಕಣ್ಣುಜ್ಜಿಕೊಂಡೆ. ಎರಡನೆಯ ಯತ್ನ, ತಾಯಿಯ ಹೆಸರು: ಹೊಂದಿಲ್ಲ. ಮೂರನೆಯದು, ಹುಟ್ಟಿದ ವಾರ: ಹೊಂದಿಲ್ಲ. ಆದೇಶ ನಿರಾಕರಿಸಿದೆ. ಕಿವಿ ತಾನಾಗಿ ಮುಚ್ಚಿದೆ.

ಕೆಳಗಿನ ಸಾಲೂ ಗುಲೇದಗುಡ್ಡ: ನಿರಾಕರಿಸಿದೆ. ಅದರ ಕೆಳಗಿನದೂ ಅದೇ. ಮೂವತ್ತನಾಲ್ಕಕ್ಕೆ ಮೂವತ್ತನಾಲ್ಕೂ.

"ಏನಿದು?" ಅಂದರು ಸಾಹೇಬರು. "ನಿಮ್ಮೂರೇನು ಬೇರೆ ದೇಶವೇ?"

ನಾನು ಹದಿನೈದು ದಿನದ ಹಿಂದಿನ, ಹಸಿರು ಗುರುತಿನ, ಶುದ್ಧ ದನಿಯನ್ನು ತೆಗೆದು ಕಿವಿಗೆ ಹಚ್ಚಿಕೊಂಡೆ. ಅವ್ವನ ತೆಳು ಕೊರಳು, ಎಂಟು ಮಾತು. ಆಮೇಲೆ ಬಳೆಯ ಸದ್ದು, ಯಾರೋ ಯಾರನ್ನೋ ತಿವಿದದ್ದು. ಒಂಬತ್ತನೆಯದು, ಗಡಸಾಗಿ, ಓಣಿಗೆಲ್ಲ ಕೇಳುವಂತೆ, ಹುಸೇನಬಿ.

ನಾನು ನಕ್ಕೆನಂತೆ. ಕುರ್ಚಿಯಿಂದ ಕೆಳಗೆ ಕುಸಿದು ಕುಳಿತು ನಕ್ಕೆನಂತೆ, ಸಾವಕ್ಕ ನೀರು ತಂದು ಮುಖಕ್ಕೆ ಹಾಕಿದಳಂತೆ. ನನಗೆ ನೆನಪಿರುವುದು ಒಂದೇ, ಬೆಳಗಿನಿಂದ ಎದೆಯ ಮೇಲೆ ಕುಳಿತಿದ್ದ ಭಾರ ಎದ್ದುಹೋಗಿತ್ತು.

ಹನ್ನೆರಡೂಮುಕ್ಕಾಲಿಗೆ ಅವ್ವನ ಫೋನು ಬಂತು.

"ಯಾಕ ಅಂಬೂ? ಇಪ್ಪತ್ತಮೂರ ಸಲಾ ಮಾಡೀಯಲ್ಲ! ಅಳಿಯಾರು ಅದಾರಿಲ್ಲೋ ಆರಾಮ?"

"ಎಲ್ಲಿ ಹಾಳಾಗಿದ್ದಿ ಯವ್ವಾ?"

"ಹುಸೇನಬಿ ಮಾಳಗಿ ಮ್ಯಾಲ. ಶ್ಯಾವಗಿ ಹೊಸ್ಯಾಕ ಹತ್ತಿದ್ವಿ. ಅಕಿಗೆ ಹಬ್ಬಕ್ಕ, ನಮಗ ವರ್ಷಕ್ಕ. ಕೈಯೆಲ್ಲಾ ಹಿಟ್ಟ."

"ಎದಿ ಹ್ಯಾಂಗೈತಿ?"

"ಎದಿಗೇನಾಗೇತಿ? ಗಟ್ಟಿ ಐತಿ. ಆದ್ರ ಈ ಪೆಟ್ಟಿಗಿಗೆ ಏನೋ ಆಗೇತಿ ನೋಡು. ನಾ ತುಟಿ ಬಿಚ್ಚಿದ್ದಿಲ್ಲ, 'ನಿಮ್ಮ ಕೊರಳು ಹೊಂದುತ್ತಿಲ್ಲ' ಅಂತ ಮೂರ ಸಲಾ ಒದರಿತು. ಬಾಯಿ ಮುಚ್ಚು ಅಂದೆ. ಮುಚ್ಚಿತು."

ನಾನು ಕೇಳಿದೆ. "ಯವ್ವಾ, ಶಿಬಿರದಾಗ ಹತ್ತೂ ನೀನ ಹೇಳು ಅಂದ್ರ ಹೂಂ ಅಂದ್ಯಲ್ಲ?"

ಆ ಕಡೆ ಹಿಂದಿನಿಂದ ಹುಸೇನಬಿಯ ನಗು ಕೇಳಿಸಿತು.

"ಸಿಟ್ಟಾಗಬ್ಯಾಡವಾ," ಅಂದಳು ಅವ್ವ. "ಆ ದನಿ ತಗೊಳ್ಳು ಹುಡಗಿ ಬಿಸಲಾಗ ಕುಂತಿತ್ತು, ಬೆವರಿ ನೀರಾಗಿತ್ತು. ಮಷಿನ್ ಕೆಂಪ ದೀಪಾ ಹಚ್ಚಿತು. ನಾವೆಲ್ಲಾ ಕೂಡಿ ಅಕಿಗೆ ಮಜ್ಜಿಗಿ, ಸಂಡಿಗಿ ಕೊಟ್ವಿ. ಏನೋ ಒತ್ತಿ ಹಸರ ಮಾಡಿದ್ಲು. 'ಆತ ಬಿಡ್ರಿ ಅಜ್ಜಿ, ನಮ್ಮ ಅತ್ತಿನೂ ಹಿಂಗ' ಅಂದ್ಲು. ನಿನ್ನ ಮಾನ ಹೋತೇನ?"

"ಇಲ್ಲ ಯವ್ವಾ," ಅಂದೆ. "ಉಳೀತು."

ಅವತ್ತು ರಾಜ್ಯದಲ್ಲಿ ಒಂಬತ್ತು ಜನರ ಪೆಟ್ಟಿಗೆ ಕಳ್ಳರ ಮಾತು ಕೇಳಿ ನಿಂತಿತು. ಎಂಟು ಜನ ಸಂಜೆಯೊಳಗೆ ಎದ್ದು ಕುಳಿತರು. ಒಬ್ಬರು, ಚಿಂತಾಮಣಿ ಕಡೆಯ ರೇಷ್ಮೆ ಅಂಗಡಿಯವರು, ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಅವರು ಬಂದ ದಿನ ನಮ್ಮ ಕೇಂದ್ರದಲ್ಲಿ ಸಿಹಿ ಹಂಚಿದೆವು. ಕಳ್ಳರಲ್ಲಿ ಇಬ್ಬರು ಹೊರದೇಶದಲ್ಲಿ ಸಿಕ್ಕಿಬಿದ್ದರು. ಉಳಿದವರು ಸಿಗಲಿಲ್ಲ. ಸಿಗುವವರೆಗೂ ನನ್ನ ನಿದ್ದೆ ಮೊದಲಿನಂತಾಗದು.

ನಾಗರಾಳ ಸಾಹೇಬರು ನಲವತ್ತು ಪುಟದ ವರದಿ ಬರೆದರು. 'ಸ್ಥಳೀಯ ಸಾಮಾಜಿಕ ಪದ್ಧತಿಯಿಂದ ಒದಗಿದ ಬಹುಧ್ವನಿ ರಕ್ಷಣೆ' ಎಂದು ಅದಕ್ಕೆ ಹೆಸರು. ಅವ್ವನಿಗೆ ಓದಿ ಹೇಳಿದೆ. "ಯಾರಿಗೆ ಬೈದಾರ?" ಅಂತ ಕೇಳಿದಳು. ಆ ವರದಿಯಿಂದಲೇ ಹೊಸ ನಿಯಮ ಬಂತು. ಎಲ್ಲರೂ ಮತ್ತೆ ಹತ್ತು ಮಾತು ಹೇಳಬೇಕು, ಅದರಲ್ಲಿ ಒಂದನ್ನಾದರೂ ತಾವು ನಂಬಿದ ಇನ್ನೊಬ್ಬರ ಕೊರಳಿನಲ್ಲಿ ಹೇಳಿಸಬೇಕು. ಯಾವುದು, ಯಾರು ಎಂಬುದನ್ನು ಎಲ್ಲೂ ಬರೆಯಬಾರದು. ಮೂಲ ಧ್ವನಿಮುದ್ರಣವನ್ನು ಅಲ್ಲೇ, ಅವರ ಕಣ್ಣೆದುರೇ ಅಳಿಸಬೇಕು.

ಗುಲೇದಗುಡ್ಡಕ್ಕೆ ನಾನೇ ಹೋದೆ. ಮನೆಮನೆಗೆ ಹೋಗಿ ದನಿ ತೆಗೆದುಕೊಳ್ಳುತ್ತ ಮೂರನೆಯ ದಿನ ನಮ್ಮ ಮನೆಗೆ ಬಂದೆ. ಅಪ್ಪ ಒಳಗೆ ಮಗ್ಗದಲ್ಲಿದ್ದ. ಪಡಸಾಲೆಯಲ್ಲಿ ಅವ್ವ, ಪಕ್ಕದಲ್ಲಿ ಹುಸೇನಬಿ, ಇಬ್ಬರೂ ಹೊಸ ಸೀರೆ ಉಟ್ಟು ಕುಳಿತಿದ್ದರು, ಫೋಟೋ ತೆಗೆಯುತ್ತೇನೆ ಎಂದುಕೊಂಡಂತೆ.

"ಯವ್ವಾ, ಒಂಬತ್ತನೇದನ್ನ ಹುಸೇನಬಿ ಕಡೆ ಹೇಳಿಸಬ್ಯಾಡ," ಅಂದೆ. "ಈ ಊರಾಗ ಎಲ್ಲಾರೂ ಅದನ್ನ ಮಾಡ್ತಾರಂತ ಕಳ್ಳರಿಗೂ ಗೊತ್ತಾಗೇತಿ. ಬ್ಯಾರೆ ಯಾವುದಾದ್ರೂ ಒಂದ ಅಕಿ ಹೇಳ್ಲಿ. ಒಂಬತ್ತನೇದ ನೀ ಹೇಳು. ಇದೊಂದ ಸಲ."

ಅವ್ವ ಯೋಚನೆ ಮಾಡಿದಳು. ನಿಜವಾಗಿ ಯೋಚನೆ ಮಾಡಿದಳು, ತುಟಿ ಕೂಡ ಅಲ್ಲಾಡಿತು.

"ಒಂದ್ಯಾಕ?" ಅಂದಳು ಕೊನೆಗೆ. "ನೀ ಹೇಳಿದ ಬ್ಯಾರೇದನ್ನೂ ಅಕಿ ಹೇಳ್ಲಿ, ಒಂಬತ್ತನೇದನ್ನೂ ಅಕೀನ ಹೇಳ್ಲಿ. ಎರಡಾದ್ರ ಇನ್ನೂ ಭದ್ರ ಹೌದಿಲ್ಲೋ?"

ಲೆಕ್ಕದಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಗುಂಡಿ ಒತ್ತಿ, ನಿಯಮದ ಪ್ರಕಾರ ಮುಖ ತಿರುಗಿಸಿ ಕಿಟಕಿಯ ಕಡೆ ನೋಡುತ್ತ ನಿಂತೆ. ಒಂದೊಂದೇ ಮಾತು ಮುಗಿಯುತ್ತ ಬಂತು. ಒಂಬತ್ತನೆಯದಕ್ಕೆ ಬಳೆಗಳು ಸದ್ದು ಮಾಡಿದವು. ಹುಸೇನಬಿ ಗಂಟಲು ಸರಿಮಾಡಿಕೊಂಡು ನನ್ನ ಅಪ್ಪನ ಹೆಸರನ್ನು ಗಟ್ಟಿಯಾಗಿ, ಪೂರ್ತಿಯಾಗಿ, ಮನೆತನದ ಹೆಸರಿನ ಸಮೇತ ಕೂಗಿ ಹೇಳಿದಳು.

ಒಳಗೆ ಮಗ್ಗ ನಿಂತಿತು.

"ಓ, ಬಂದೆ," ಅಂದ ಅಪ್ಪ. "ಯಾರ ಕರದ್ರಿ?"

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಯಂತ್ರದಲ್ಲಿ ಕೆಂಪು ದೀಪ ಹೊತ್ತಿತ್ತು: ಒಂಬತ್ತನೆಯ ಮಾತಿನಲ್ಲಿ ಎರಡು ಕೊರಳು, ಮರುಮುದ್ರಣ ಮಾಡಿ. ನಾನು ಅದನ್ನು ಹಾಗೆಯೇ ಉಳಿಸಿ ಹಸಿರು ಗುರುತು ಹಾಕಿದೆ.